ಗ್ಯಾಸ್, ನೀರು, ಪೆಟ್ರೋಲ್: ಅಣುಗಳ ಹಿಡಿತದ ಲೆಕ್ಕ

ಬರ್ ದುಬೈಯಲ್ಲಿ ಮಕ್ಕಳಿಗೆ ರಸಾಯನಶಾಸ್ತ್ರದ ಪಾಠ ಹೇಳುವ ನಾನು ಪ್ರತಿವರ್ಷ ಕೇಳುವ ಉತ್ತರವೊಂದಿದೆ: "ಅಣುಗಳ ನಡುವಿನ ಬಲಗಳಲ್ಲಿ ಹೈಡ್ರೋಜನ್ ಬಂಧವೇ ಎಲ್ಲಕ್ಕಿಂತ ಗಟ್ಟಿ." ಇದು ಅರ್ಧ ಸತ್ಯ. ಉಳಿದರ್ಧವನ್ನು ತಿಳಿಸುವ ಉದಾಹರಣೆಗಳು ಈ ನಾಡಿನಲ್ಲೇ ಇವೆ.

ದ್ರವದಲ್ಲಿ ಅಣುಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಕುದಿಯುವುದೆಂದರೆ ಈ ಹಿಡಿತ ಬಿಡುವುದು, ಅಣು ಒಡೆಯುವುದಲ್ಲ. ಹಾಗಾಗಿ ಕುದಿಬಿಂದುವೇ ನಮ್ಮ ಅಳತೆಗೋಲು.

ಅಬುಧಾಬಿಯ ದಾಸ್ ದ್ವೀಪದಿಂದ 1977ರಲ್ಲೇ ಜಪಾನಿಗೆ ಹಡಗೇರಿದ ದ್ರವೀಕೃತ ನೈಸರ್ಗಿಕ ಅನಿಲದ ಮುಖ್ಯ ಭಾಗ ಮೀಥೇನ್. ಅದರ ಅಣುತೂಕ 16, ನೀರಿನದು 18. ಆದರೂ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ, ಮೀಥೇನ್ ಮೈನಸ್ 161ರ ಆಸುಪಾಸಿನಲ್ಲೇ ಕುದಿಯುತ್ತದೆ. ಮೀಥೇನಿನಲ್ಲಿರುವುದು ಎಲೆಕ್ಟ್ರಾನುಗಳ ಕ್ಷಣಿಕ ಓಲಾಟದಿಂದ ಹುಟ್ಟುವ ಲಂಡನ್ ಬಲ ಮಾತ್ರ. ನೀರಿನಲ್ಲಿ ಹೈಡ್ರೋಜನ್ ಬಂಧವೂ ಇದೆ. ಅಬುಧಾಬಿಯದೇ ಶಾಹ್ ಕ್ಷೇತ್ರದ ಅನಿಲದಲ್ಲಿ ಹೇರಳವಾಗಿರುವ ಹೈಡ್ರೋಜನ್ ಸಲ್ಫೈಡ್ ನೋಡಿ. ಆಕಾರದಲ್ಲಿ ನೀರಿನ ತಮ್ಮನಂತಿದೆ, ತೂಕ 34, ಧನ-ಋಣ ತುದಿಗಳೂ ಇವೆ. ಆದರೆ ಅದರಲ್ಲಿ ಹೈಡ್ರೋಜನ್ ಬಂಧ ತೀರಾ ದುರ್ಬಲ. ಕುದಿಬಿಂದು ಮೈನಸ್ 60.

ಇಲ್ಲಿಯವರೆಗೆ ಮಕ್ಕಳ ಉತ್ತರ ಸರಿ. ಈಗ ಅಡುಗೆಮನೆಗೆ ಬನ್ನಿ. ಸಿಲಿಂಡರಿನಲ್ಲಿರುವ ಪ್ರೊಪೇನ್‌ಗೆ ಮೂರು ಕಾರ್ಬನ್, ಕುದಿಬಿಂದು ಮೈನಸ್ 42. ಬ್ಯೂಟೇನ್‌ಗೆ ನಾಲ್ಕು, ಕುದಿಬಿಂದು ಸೊನ್ನೆಯ ಹತ್ತಿರ. ಎಂಟು ಕಾರ್ಬನ್ನುಗಳ ನೇರ ಸರಪಳಿಯಾದ ಆಕ್ಟೇನ್ ಕುದಿಯುವುದು 126ರಲ್ಲಿ! ಹೈಡ್ರೋಜನ್ ಬಂಧವೇ ಇಲ್ಲದ ಅದು ನೀರನ್ನೂ ಮೀರಿಸಿತು. ತೆಂಗಿನ ನಾರಿನ ಒಂದೆಳೆ ಸುಲಭವಾಗಿ ಹರಿಯುತ್ತದೆ. ನೂರಾರು ಎಳೆ ಹೊಸೆದರೆ ದೋಣಿ ಕಟ್ಟುವ ಹಗ್ಗ. ಲಂಡನ್ ಬಲವೂ ಹಾಗೆಯೇ, ಅಣು ದೊಡ್ಡದಾದಂತೆ ಕೂಡುತ್ತಾ ಹೋಗುತ್ತದೆ.

ಆದ್ದರಿಂದ ಪರೀಕ್ಷೆಯಲ್ಲಿ ಬಲದ ಹೆಸರನ್ನಷ್ಟೇ ನೋಡಿ ತೀರ್ಪು ಕೊಡಬೇಡಿ. ಅಣುಗಳ ಗಾತ್ರ ಹತ್ತಿರವಿದ್ದರೆ ಬಲದ ಬಗೆಯನ್ನು ಹೋಲಿಸಿ. ಗಾತ್ರದಲ್ಲಿ ದೊಡ್ಡ ಅಂತರವಿದ್ದರೆ ಒಟ್ಟು ಹಿಡಿತವನ್ನು ಲೆಕ್ಕ ಹಾಕಿ.

ಮನೆಯವರಿಗೂ ಇದರಲ್ಲಿ ಪಾಠವಿದೆ. ಸಿಲಿಂಡರಿನ ಗ್ಯಾಸ್ ಇಲ್ಲಿ ದ್ರವವಾಗಿ ಉಳಿಯುವುದು ಅಣುಗಳ ಹಿಡಿತವೊಂದರಿಂದಲೇ ಅಲ್ಲ, ಒತ್ತಡದ ನೆರವಿನಿಂದ. ಜುಲೈ ಬಿಸಿಲಿಗೆ ಆ ಒತ್ತಡ ಏರುತ್ತದೆ. ಸಿಲಿಂಡರನ್ನು ನೆರಳಲ್ಲಿ, ಗಾಳಿಯಾಡುವ ಕಡೆ, ನೆಟ್ಟಗೆ ನಿಲ್ಲಿಸಿಡಿ.