ಕಂಡರೂ ಓದಲಾಗದ ಸಂಕೇತಗಳು



ಹವ್ಯಾಸಕ್ಕಾಗಿ ರೇಡಿಯೋ ಕೇಂದ್ರಗಳನ್ನು ನಡೆಸುವವರಲ್ಲಿ ‘ವಿಸ್ಪರ್’ ಎಂಬ ಕ್ರಮವೊಂದು ಬಳಕೆಯಲ್ಲಿರುವುದು. ಆ ಮಾತಿಗೆ ಪಿಸುನುಡಿ ಎಂದರ್ಥ. 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನವನ್ನು ಪಡೆದ ಅಮೆರಿಕಾದ ಖಗೋಳಜ್ಞರಾದ ಜೋಸೆಫ್ ಟೇಲರರು ಇದನ್ನು 2008ರಲ್ಲಿ ಹೊರತಂದರು. ಒಂದು ವ್ಯಾಟಿಗಿಂತಲೂ ಕಡಿಮೆ ಶಕ್ತಿಯಿಂದ ಹೊರಟ ಸಂಕೇತವು ಸಮುದ್ರಗಳನ್ನು ದಾಟಿ ಹೋಗುವುದುಂಟು. ಅದರಲ್ಲಿ ಅಡಗಿರುವ ಸಂಗತಿಗಳು ಮೂರೇ: ಕೇಂದ್ರದ ಗುರುತಿನ ಅಕ್ಷರಗಳು, ಅದರ ಸ್ಥಳ, ಪ್ರಸಾರದ ಶಕ್ತಿ. ಇವನ್ನು ಓದಿದವರು ತಮ್ಮ ವರದಿಯನ್ನು ಎಲ್ಲರಿಗೂ ತೆರೆದಿರುವ ದಾಖಲೆಗೆ ಸೇರಿಸುವರು. ಯಾವ ಹೊತ್ತಿನಲ್ಲಿ ಯಾವ ದೇಶದ ಕಡೆಗೆ ರೇಡಿಯೋ ಅಲೆಗಳು ಸಾಗುತ್ತಿದ್ದುವೆಂಬುದು ಅದರಿಂದ ತಿಳಿದುಬರುವುದು.

ಆದರೆ ಕೆಲವು ವೇಳೆ ಕಂಪ್ಯೂಟರಿನ ತೆರೆಯ ಮೇಲೆ ಸಂಕೇತದ ಗೆರೆಯು ಸ್ಪಷ್ಟವಾಗಿ ಕಾಣುತ್ತಿದ್ದರೂ ಒಂದಕ್ಷರವೂ ಓದಲ್ಪಡುವುದಿಲ್ಲ. ಆಗ ಆಂಟೆನಾವನ್ನಾಗಲಿ ಆಕಾಶವನ್ನಾಗಲಿ ದೂರಿ ಫಲವಿಲ್ಲ. ಗೆರೆಯು ಕಂಡಿತೆಂದರೆ ಸಂಕೇತವು ಮನೆಬಾಗಿಲಿಗೆ ಬಂದಿರುವುದು. ಹೆಚ್ಚಾಗಿ ದೋಷವು ಒಳಗೇ ಇರುವುದು.

ಮೊದಲು ನೋಡತಕ್ಕದ್ದು ಗಡಿಯಾರವನ್ನು. ಪ್ರತಿ ಪ್ರಸಾರವೂ ಜಾಗತಿಕ ಕಾಲಮಾನದ ಸಮಸಂಖ್ಯೆಯ ನಿಮಿಷವು ಹುಟ್ಟಿದ ಒಂದು ಸೆಕೆಂಡಿಗೆ ಆರಂಭವಾಗಿ ಸುಮಾರು 110 ಸೆಕೆಂಡು ನಡೆಯುವುದು. ಆ ಅವಧಿಯಲ್ಲಿ 162 ಸ್ವರಗಳು ಒಂದರ ಹಿಂದೊಂದು ಬರುವುವು. ಯಾವ ಸ್ವರವು ಎಲ್ಲಿ ಮೊದಲಾಯಿತೆಂಬುದನ್ನು ಕಂಪ್ಯೂಟರು ತನ್ನ ಗಡಿಯಾರದ ಆಧಾರದಿಂದಲೇ ಹುಡುಕುವುದು. ಆದುದರಿಂದ ಗಡಿಯಾರವು ಒಂದು ಸೆಕೆಂಡಿನೊಳಗೆ ಸರಿಯಾಗಿರಬೇಕು. ಕೆಲವು ಸೆಕೆಂಡು ತಪ್ಪಿದರೂ ಬಲವಾದ ಸಂಕೇತವು ಸಹ ವ್ಯರ್ಥವಾಗುವುದು. ನಮ್ಮ ದೇಶದ ಕಾಲಮಾನವು ಐದೂವರೆ ಗಂಟೆ ಮುಂದಿರುವುದರಿಂದ ಅಲ್ಲಿನ ಸಮ ನಿಮಿಷವು ಇಲ್ಲಿಯೂ ಸಮವೇ ಆಗಿರುವುದು.

ಎರಡನೆಯದು ಶ್ರುತಿ. ಇಪ್ಪತ್ತು ಮೀಟರಿನ ಪಟ್ಟಿಯಲ್ಲಿ ರೇಡಿಯೋವನ್ನು 14.0956 ಮೆಗಾಹರ್ಟ್ಸಿಗೆ ನಿಲ್ಲಿಸಿ, ಮೇಲಿನ ಪಾರ್ಶ್ವಪಟ್ಟಿಯನ್ನೇ ಆರಿಸಬೇಕು. ಆಗ ಸಂಕೇತಗಳು 1400ರಿಂದ 1600 ಹರ್ಟ್ಸಿನ ನಡುವಣ ಧ್ವನಿಯಾಗಿ ಬರುವುವು. ಕೆಳಗಿನ ಪಾರ್ಶ್ವಪಟ್ಟಿಯನ್ನು ಆರಿಸಿದರೆ ಸ್ವರಗಳು ತಲೆಕೆಳಗಾಗಿ ಅರ್ಥಗೆಡುವುವು.

ಮೂರನೆಯದು ಧ್ವನಿಯ ಮಟ್ಟ. ಅದು ವಿಪರೀತವಾದರೆ ಸ್ವರಗಳು ವಿಕಾರಗೊಳ್ಳುವುವು. ಸದ್ದಡಗಿಸುವ ಏರ್ಪಾಡುಗಳನ್ನೂ ನಿಲ್ಲಿಸುವುದೇ ಲೇಸು. ಅವು ಮನುಷ್ಯರ ಕಿವಿಗಾಗಿ ಮಾಡಿದವು. ಇನ್ನು ಗೆರೆಯು ಓರೆಯಾಗಿ ಸಾಗಿದರೆ ರೇಡಿಯೋದ ಶ್ರುತಿಯು ಜಾರುತ್ತಿರಬಹುದು. ಇಲ್ಲಿ ನಾಲ್ಕು ಸ್ವರಗಳ ನಡುವಣ ಅಂತರವು ಸುಮಾರು ಒಂದೂವರೆ ಹರ್ಟ್ಸು ಮಾತ್ರ. ಯಂತ್ರವು ಬೆಚ್ಚಗಾಗಿ ನೆಲೆಗೊಳ್ಳುವವರೆಗೆ ತಾಳ್ಮೆಯಿರಲಿ.

ಒಂದು ಸಲಕ್ಕೆ ಒಂದನ್ನೇ ತಿದ್ದಿ, ಮುಂದಿನ ಪ್ರಸಾರವು ಪೂರ್ತಿಯಾಗಿ ಮುಗಿಯುವವರೆಗೆ ಕಾಯಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದವರಿಗೆ ದೋಷವು ಯಾವುದೆಂದು ತಿಳಿಯದು.

ಇಷ್ಟು ಶ್ರಮವೇತಕ್ಕೆಂದು ಕೇಳುವಿರಾ? ಎಲ್ಲಿಯೋ ಒಬ್ಬರು ಅತ್ಯಲ್ಪ ಶಕ್ತಿಯಿಂದ ಕರೆಯುತ್ತಿರುವರು. ನಮ್ಮ ಗಡಿಯಾರದ ದೋಷದಿಂದ ದಾಖಲೆಯು ಬರಿದಾದರೆ, ಅವರ ದನಿಯು ಯಾರಿಗೂ ಮುಟ್ಟಲಿಲ್ಲವೆಂದು ಅವರು ತಿಳಿಯಬಹುದು. ಯಾರೂ ನುಡಿಯಲಿಲ್ಲವೆನ್ನುವ ಮೊದಲು ನಾವು ಸರಿಯಾಗಿ ಕೇಳಿದೆವೇ ಎಂದು ವಿಚಾರಿಸಿಕೊಳ್ಳುವುದು ಯುಕ್ತವಲ್ಲವೇ?