ಕೋಲಾರಕ್ಕೆ ಬಂದಿದ್ದ ಮರದ ಬಾಂಬರ್: ಅದರ ಅಂಟು ಬಿಡಿಸಿದ್ದು ನಮ್ಮ ಮಳೆಯೇ?

ಎರಡನೇ ಮಹಾಯುದ್ಧದ ವಿಮಾನಗಳನ್ನು ಮೆಚ್ಚುವವರ ನಡುವೆ ಒಂದು ಕತೆ ಇಂದಿಗೂ ಓಡಾಡುತ್ತದೆ. ಬ್ರಿಟಿಷರ ಮಾಸ್ಕಿಟೊ ಎಂಬ ಮರದ ಬಾಂಬರ್ ಯುರೋಪಿನಲ್ಲಿ ಯಾರ ಕೈಗೂ ಸಿಗದಂತೆ ಹಾರುತ್ತಿತ್ತು, ಆದರೆ ಭಾರತಕ್ಕೆ ಬಂದ ಮೇಲೆ ಇಲ್ಲಿನ ಬಿಸಿಲಿಗೂ ಮಳೆಗೂ ಅದರ ಅಂಟು ಕರಗಿ, ಆಕಾಶದಲ್ಲೇ ರೆಕ್ಕೆ ಕಳಚಿಕೊಂಡಿತು ಎಂಬುದು ಆ ಕತೆ. ಕೆಲವರು ಇದಕ್ಕೆ ಗೆದ್ದಲನ್ನೂ ಸೇರಿಸುತ್ತಾರೆ. ಕೇಳಲು ಸರಿಯಾಗಿಯೇ ಇದೆ. ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲೇ ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವಾಗ, ಮರದ ವಿಮಾನ ಹಾಳಾಗುವುದರಲ್ಲಿ ಆಶ್ಚರ್ಯವೇನು?

ಕತೆಯಲ್ಲಿ ಸ್ವಲ್ಪ ನಿಜವಿದೆ. ಆದರೆ ಮುಖ್ಯವಾದ ಭಾಗವೇ ಬಿಟ್ಟುಹೋಗಿದೆ. ಅದನ್ನು ಹುಡುಕುತ್ತಾ ಹೋದರೆ ನಾವು ಕೋಲಾರಕ್ಕೇ ಬಂದು ನಿಲ್ಲುತ್ತೇವೆ.

ಕೋಲಾರ ಎಂದರೆ ಚಿನ್ನದ ಗಣಿ, ಶ್ರೀನಿವಾಸಪುರದ ಮಾವು, ಮುಳಬಾಗಿಲಿನ ದೋಸೆ ಎಂದು ನೆನಪಾಗುವ ನಮಗೆ ಅಲ್ಲಿ ಬಾಂಬರ್‌ಗಳಿದ್ದವು ಎಂಬುದು ಹೊಸ ಸುದ್ದಿಯಂತೆ ಕೇಳಬಹುದು. ಜಪಾನಿ ಸೇನೆ ಬರ್ಮಾವನ್ನು ಹಿಡಿದಿದ್ದ ಕಾಲ ಅದು. ಬ್ರಿಟಿಷ್ ವಾಯುಪಡೆ ಕೋಲಾರದಲ್ಲಿ ಒಂದು ವಿಮಾನ ನೆಲೆಯನ್ನು ಇಟ್ಟುಕೊಂಡಿತ್ತು. ಯುದ್ಧರಂಗದಿಂದ ದೂರ, ಸಮುದ್ರಮಟ್ಟದಿಂದ 800 ಮೀಟರ್‌ಗೂ ಎತ್ತರ, ವರ್ಷಕ್ಕೆ ಸುಮಾರು 700-750 ಮಿಲಿಮೀಟರ್ ಮಳೆ. ಹೊಸ ವಿಮಾನದ ಮೇಲೆ ಕೈ ಪಳಗಿಸಿಕೊಳ್ಳಲು ಬಯಲುಸೀಮೆಯ ತಿಳಿ ಆಕಾಶ ಚೆನ್ನಾಗಿಯೇ ಒದಗುತ್ತದೆ.

1944ರಲ್ಲಿ ಅಲ್ಲಿಗೆ ಬಂದವರಲ್ಲಿ 82ನೇ ಸ್ಕ್ವಾಡ್ರನ್ ಒಂದು. ಈ ಪಡೆಯ ಹಿಂದಿನ ಚರಿತ್ರೆ ಓದಿದರೆ ಎದೆ ಭಾರವಾಗುತ್ತದೆ. 1940ರ ಮೇ ತಿಂಗಳಲ್ಲಿ ಬೆಲ್ಜಿಯಂನ ಜೆಂಬ್ಲೂ ಮೇಲೆ ಹೋದ ಅದರ 12 ವಿಮಾನಗಳಲ್ಲಿ 11 ನಾಶವಾದವು. ಅದೇ ಆಗಸ್ಟ್‌ನಲ್ಲಿ ಡೆನ್ಮಾರ್ಕಿನ ಆಲ್‌ಬೋರ್ಗ್‌ಗೆ ಮತ್ತೆ 12 ಹೊರಟವು. ಒಂದು ದಾರಿಯಲ್ಲೇ ಹಿಂತಿರುಗಿತು, ಉಳಿದ 11 ಮರಳಲಿಲ್ಲ. ನಂತರ ಭಾರತಕ್ಕೆ ಬಂದ ಈ ಪಡೆ ವೆಂಜಿಯನ್ಸ್ ಎಂಬ ಡೈವ್ ಬಾಂಬರ್‌ಗಳನ್ನು ಹಾರಿಸಿತು. ಆಗ ನಮ್ಮ ಭಾರತೀಯ ವಾಯುಪಡೆಯ 7 ಮತ್ತು 8ನೇ ಸ್ಕ್ವಾಡ್ರನ್‌ಗಳ ಕೈಯಲ್ಲಿದ್ದುದೂ ಇದೇ ವಿಮಾನ. 1944ರ ಜುಲೈ ಹೊತ್ತಿಗೆ, ಕೋಲಾರದಲ್ಲಿದ್ದಾಗ, 82ನೇ ಸ್ಕ್ವಾಡ್ರನ್ ವೆಂಜಿಯನ್ಸ್ ಬಿಟ್ಟು ಮಾಸ್ಕಿಟೊ ಕಲಿಯಲು ಶುರುಮಾಡಿತು. ಮಾಸ್ಕಿಟೊ ಎಂದರೆ ಸೊಳ್ಳೆ. ಮಲೇರಿಯಾ ಕಾಟದ ಆ ದಿನಗಳಲ್ಲಿ ಈ ಹೆಸರು ಕೇಳಿ ಯಾರಾದರೂ ನಕ್ಕಿರಲೂಬಹುದು.

ಹಾಲಿನಿಂದ ಅಂಟು

ಮಾಸ್ಕಿಟೊ ಮೊದಲು ಹಾರಿದ್ದು 1940ರ ನವೆಂಬರ್‌ನಲ್ಲಿ. ಯುದ್ಧಕಾಲದಲ್ಲಿ ಅಲ್ಯೂಮಿನಿಯಂಗೆ ಎಳೆದಾಟವಿತ್ತು. ಮರಗೆಲಸ ಬಲ್ಲವರು, ಪೀಠೋಪಕರಣ ಮಾಡುವವರು, ಪಿಯಾನೊ ಕಟ್ಟುವವರು ಬ್ರಿಟನ್‌ನಲ್ಲಿ ಬೇಕಾದಷ್ಟಿದ್ದರು. ಡಿ ಹ್ಯಾವಿಲೆಂಡ್ ಕಂಪನಿ ಅವರ ಕೈಯಿಂದಲೇ ವಿಮಾನ ಮಾಡಿಸಿತು. ಒಡಲನ್ನು ಎರಡು ಸೀಳುಗಳಾಗಿ ಅಚ್ಚಿನ ಮೇಲೆ ಬಾಗಿಸಿ, ಒಳಗೆ ತಂತಿ, ಕೊಳವೆಗಳನ್ನು ಕೂರಿಸಿ, ಕೊನೆಗೆ ಕಡಲೆಕಾಯಿಯ ಎರಡು ಸಿಪ್ಪೆ ಸೇರಿಸಿದಂತೆ ಜೋಡಿಸುತ್ತಿದ್ದರು. ಸಿಪ್ಪೆಯ ಒಳಗೂ ಹೊರಗೂ ಬರ್ಚ್ ಮರದ ತೆಳು ಪ್ಲೈವುಡ್, ನಡುವೆ ಹಗುರವಾದ ಬಾಲ್ಸಾ. ರೆಕ್ಕೆ ಮಾತ್ರ ಈ ತುದಿಯಿಂದ ಆ ತುದಿವರೆಗೆ ಒಂದೇ ತುಂಡು, ಸುಮಾರು 16.5 ಮೀಟರ್. ಎರಡು ಎಂಜಿನ್, ಇಬ್ಬರು ಸಿಬ್ಬಂದಿ, ಗಂಟೆಗೆ 600 ಕಿ.ಮೀ. ಆಸುಪಾಸಿನ ವೇಗ. ಒಟ್ಟು 7,781 ವಿಮಾನಗಳು ತಯಾರಾದವು. ಮೆಚ್ಚುವವರು ಸುಮ್ಮನೆ ಮೆಚ್ಚಿದ್ದಲ್ಲ.

ಇಷ್ಟನ್ನೂ ಹಿಡಿದಿಟ್ಟಿದ್ದು ಮೊದಮೊದಲು ಕೇಸೀನ್ ಅಂಟು. ಕೇಸೀನ್ ಎಂದರೆ ಹಾಲಿನ ಪ್ರೋಟೀನು. ಹಾಲಿಗೆ ನಿಂಬೆಹುಳಿ ಹಿಂಡಿದರೆ ಒಡೆದು ಬಿಳಿ ಗಷ್ಟು ನಿಲ್ಲುತ್ತದಲ್ಲ, ಅದರಲ್ಲಿ ಹೆಚ್ಚಿನದು ಅದೇ. ಅದನ್ನು ತೊಳೆದು, ಒಣಗಿಸಿ, ಸುಣ್ಣ ಮತ್ತು ನೀರಿನೊಂದಿಗೆ ಕಲೆಸಿದರೆ ಮರವನ್ನು ಗಟ್ಟಿಯಾಗಿ ಹಿಡಿಯುವ ಅಂಟು ಸಿಗುತ್ತದೆ. ಹಾಲಿಗೆ ಹೆಸರಾದ ಕೋಲಾರ ಜಿಲ್ಲೆಯವರಿಗೆ ಈ ಸಂಗತಿ ಸ್ವಲ್ಪ ಹತ್ತಿರದ್ದು ಅನ್ನಿಸಬಹುದು. ಒಣ ಜಾಗದಲ್ಲಿ ಈ ಅಂಟು ಬಹುಕಾಲ ಬಾಳುತ್ತದೆ. ಆದರೆ ಪ್ರೋಟೀನು ತಾನೇ? ಬಹಳ ದಿನ ತೇವ ನಿಂತರೆ ಮೆತ್ತಗಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಮುಂದೆ ಇದರ ಬದಲು ನೀರು ತಡೆಯುವ ಫಾರ್ಮಾಲ್ಡಿಹೈಡ್ ಬಗೆಯ ಅಂಟುಗಳನ್ನು ಬಳಸಿದರು.

ಮರದ ಸ್ವಭಾವವೂ ಇಲ್ಲಿ ತಿಳಿದಿರಬೇಕು. ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಹೀರಿದಾಗ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಆದರೆ ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ಹಸಿ ಮರ ಪೂರ್ತಿ ಒಣಗಿದಾಗ ನಾರಿನ ಉದ್ದಕ್ಕೆ ಕುಗ್ಗುವುದು ನೂರಕ್ಕೆ 0.1ರಿಂದ 0.2 ಭಾಗ ಮಾತ್ರ. ನಾರಿಗೆ ಅಡ್ಡವಾಗಿ ಅದೇ ಮರ ನೂರಕ್ಕೆ 5ರಿಂದ 10 ಭಾಗದವರೆಗೂ ಕುಗ್ಗಬಲ್ಲದು. ಬಾಗಿಲು ಮಳೆಗಾಲದಲ್ಲಿ ಅಗಲಕ್ಕೆ ಬಿಗಿಯಾಗುತ್ತದೆಯೇ ಹೊರತು ಎತ್ತರಕ್ಕೆ ಬೆಳೆಯದಿರುವುದು ಇದರಿಂದಲೇ. ಪ್ಲೈವುಡ್‌ನಲ್ಲಿ ಒಂದು ಪದರದ ನಾರು ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಇರುವುದರಿಂದ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ರೆಕ್ಕೆಯೊಳಗಿನ ದಪ್ಪ ತೊಲೆಯೊಂದು ಕಡೆ, ಅದಕ್ಕೆ ಅಂಟಿಸಿದ ಪ್ಲೈವುಡ್ ಹೊದಿಕೆಯೊಂದು ಕಡೆ. ಎರಡರ ಹಿಗ್ಗು-ಕುಗ್ಗು ಬೇರೆಬೇರೆ. ಆ ಎಳೆದಾಟವೆಲ್ಲ ಬೀಳುವುದು ನಡುವಿನ ಅಂಟಿನ ಗೆರೆಯ ಮೇಲೆ.

ಇದಕ್ಕೆ ಹಾರಾಟದ ಭಾರ ಸೇರುತ್ತದೆ. ಹಾರುವಾಗ ರೆಕ್ಕೆಯ ಮೇಲ್ಭಾಗದಲ್ಲಿ ಗಾಳಿಯ ಒತ್ತಡ ಕಡಿಮೆ ಇರುತ್ತದೆ, ಹೀಗಾಗಿ ಮೇಲಿನ ಹೊದಿಕೆಯನ್ನು ಯಾರೋ ಮೇಲಕ್ಕೆ ಹೀರಿದಂತಾಗುತ್ತದೆ. ಬಾಂಬು ಹಾಕಲು ಕೆಳಗೆ ಧುಮುಕಿದ ವಿಮಾನವನ್ನು ಪೈಲಟ್ ಜೋರಾಗಿ ಮೇಲಕ್ಕೆಳೆದಾಗ ರೆಕ್ಕೆ ಹೊರಬೇಕಾದ ತೂಕ ನಾಲ್ಕು ಪಟ್ಟಾಗಬಹುದು. ಪೂರ್ತಿ ತುಂಬಿದ ಮಾಸ್ಕಿಟೊ ತೂಕ ಸುಮಾರು 10 ಟನ್. ಅಂದರೆ ಆ ಗಳಿಗೆಯಲ್ಲಿ ರೆಕ್ಕೆ 40 ಟನ್ ಹೊತ್ತಂತೆ. ಅಂಟು ಎಲ್ಲಾದರೂ ಸರಿಯಾಗಿ ಹಿಡಿದಿರದಿದ್ದರೆ ಅದು ಗೊತ್ತಾಗುವುದು ಆಗಲೇ. ಒಳಗಿರುವ ಇಬ್ಬರಿಗೆ ಹೊರಗೆ ಹಾರುವಷ್ಟು ಸಮಯವೂ ಸಿಗುವುದು ಕಷ್ಟ.

ತನಿಖೆಗಳು ಏನು ಹೇಳಿದವು?

82ನೇ ಸ್ಕ್ವಾಡ್ರನ್ 1944ರ ಅಕ್ಟೋಬರ್‌ನಲ್ಲಿ ಕೋಲಾರ ಬಿಟ್ಟು ರಾಂಚಿಗೆ ಹೋಯಿತು. ಅದೇ ಹೊತ್ತಿಗೆ ಭಾರತ ಮತ್ತು ಬರ್ಮಾ ಕಡೆಯಲ್ಲಿದ್ದ ಮಾಸ್ಕಿಟೊಗಳು ಒಂದಾದ ಮೇಲೊಂದು ಅಪಘಾತಕ್ಕೀಡಾದವು. ರೆಕ್ಕೆಯ ಮೇಲಿನ ಹೊದಿಕೆ ತೊಲೆಯಿಂದ ಎದ್ದು ಬಂದಿದೆ ಎಂಬ ಅನುಮಾನ ಹುಟ್ಟಿತು. ನವೆಂಬರ್‌ನಲ್ಲಿ ಇಲ್ಲಿನ ಮಾಸ್ಕಿಟೊಗಳ ಹಾರಾಟ ನಿಲ್ಲಿಸಿ ಪರೀಕ್ಷೆ ಮಾಡಬೇಕಾಯಿತು.

ತನಿಖೆಗೆ ಭಾರತಕ್ಕೆ ಬಂದ ತಂಡದ ಮುಂದಾಳು ಮೇಜರ್ ಹೆರೆವರ್ಡ್ ಡಿ ಹ್ಯಾವಿಲೆಂಡ್. ವಿಮಾನ ಮಾಡಿದ ಕಂಪನಿಯ ಸ್ಥಾಪಕ ಜೆಫ್ರಿ ಡಿ ಹ್ಯಾವಿಲೆಂಡ್ ಅವರ ತಮ್ಮ. ಇಲ್ಲೇ ನಾವು ಒಂದು ಕ್ಷಣ ನಿಲ್ಲಬೇಕು. ಅವರು ವಿಮಾನ ಬಲ್ಲವರು, ನಿಜ. ಆದರೆ ಮನೆಯವರ ತಪ್ಪನ್ನು ಮನೆಯವರೇ ಹುಡುಕುವ ಪರಿಸ್ಥಿತಿ ಯಾವ ಕಾಲಕ್ಕೂ ಒಳ್ಳೆಯದಲ್ಲ. ಡಿಸೆಂಬರ್ ಮೊದಲ ವಾರಗಳಲ್ಲಿ ಬಂದ ಅವರ ವರದಿ, ಅಂಟು ಕೆಟ್ಟಿದ್ದರಿಂದ ಅಪಘಾತ ಆದದ್ದಲ್ಲ, ಮಳೆಗಾಲದ ತೇವದಿಂದ ಮರದ ಅಳತೆ ವ್ಯತ್ಯಾಸವಾದದ್ದೇ ಕಾರಣ ಎಂದಿತು. ಗಮನಿಸಿ, ಹವಾಮಾನವನ್ನು ದೂರಿದ ಆ ವರದಿಯೂ ‘ಅಂಟು ಕರಗಿತು’ ಎಂದು ಹೇಳಲಿಲ್ಲ.

ನಂತರ ಕ್ಯಾಬಟ್ ಮತ್ತು ಮೈಯರ್ಸ್ ಎಂಬಿಬ್ಬರು ಮತ್ತೆ ತನಿಖೆ ಮಾಡಿದರು. ಅವರ ತೀರ್ಮಾನ ನೇರವಾಗಿತ್ತು: ತಯಾರಿಕೆಯಲ್ಲೇ ದೋಷವಿತ್ತು. ಅದು ಸರಿಯೇ ಎಂದು ನೋಡಲು ಬ್ರಿಟನ್ನಿನ ವಿಮಾನ ತಯಾರಿಕಾ ಸಚಿವಾಲಯದ ತಂಡ ಇಂಗ್ಲೆಂಡಿನ ಡೆಫರ್ಡ್‌ನಲ್ಲಿದ್ದ ಮಾಸ್ಕಿಟೊಗಳನ್ನು ಬಿಚ್ಚಿ ನೋಡಿತು. ಹ್ಯಾಟ್‌ಫೀಲ್ಡ್ ಮತ್ತು ಲೀವ್ಸ್‌ಡೆನ್ ಕಾರ್ಖಾನೆಗಳಲ್ಲಿ ತಯಾರಾದ ಆರು ಮಾದರಿಯ ವಿಮಾನಗಳಲ್ಲಿ ಅದೇ ಬಗೆಯ ದೋಷ ಸಿಕ್ಕಿತು. ಅವು ಯಾವುವೂ ನಮ್ಮ ಮುಂಗಾರಿಗೆ ನೆನೆದಿರಲಿಲ್ಲ. ಗೆದ್ದಲು ಮುಟ್ಟಿರಲಿಲ್ಲ.

ಇದು ವಿಜ್ಞಾನದಲ್ಲಿ ನಾವು ಮಾಡುವ ಪರೀಕ್ಷೆಯಂತೆಯೇ ಇದೆ. ಮಳೆಯೇ ಕಾರಣವಾಗಿದ್ದರೆ ಮಳೆ ತಾಗದ ವಿಮಾನ ಚೆನ್ನಾಗಿರಬೇಕಿತ್ತು. ಇರಲಿಲ್ಲ. ಅಂಟು ಎರಡು ಮೇಲ್ಮೈಗಳು ತೀರಾ ಹತ್ತಿರ ಕೂತಾಗ ಮಾತ್ರ ಚೆನ್ನಾಗಿ ಹಿಡಿಯುತ್ತದೆ. ನಡುವೆ ಸಂದು ಬಿಟ್ಟು ಅದನ್ನು ಅಂಟಿನಿಂದಲೇ ತುಂಬಿದರೆ ಒಣಗುತ್ತಾ ಬಿರುಕು ಬಿಡುತ್ತದೆ. ಈ ಮಾತನ್ನು ನಮ್ಮೂರಿನ ಯಾವ ಬಡಗಿಯೂ ಹೇಳಿಯಾನು. ಹಾಗಾದರೆ ಇಲ್ಲಿನ ಹವೆಯ ಪಾತ್ರ ಇಲ್ಲವೇ ಇಲ್ಲವೇ? ಇತ್ತು ಎಂದೇ ನಮ್ಮ ಅಭಿಪ್ರಾಯ. ಬಯಲಲ್ಲಿ ನಿಂತ ಮರದ ರೆಕ್ಕೆ ನೆನೆದು ಒಣಗುತ್ತಾ ಇದ್ದರೆ, ಸಡಿಲವಾಗಿದ್ದ ಜಾಗ ಇನ್ನಷ್ಟು ಬೇಗ ಬಿಡುತ್ತದೆ. ನೀರು ಒಳಗೆ ಇಳಿಯದಂತೆ ರೆಕ್ಕೆಯ ಉದ್ದಕ್ಕೂ ಜೋಡಣೆಯ ಮೇಲೆ ಪ್ಲೈವುಡ್ ಪಟ್ಟಿಯೊಂದನ್ನು ಅಂಟಿಸಿ ಸರಿಪಡಿಸಿದ್ದೂ ಅದಕ್ಕೇ. ಆದರೆ ಸಡಿಲ ಮಾಡಿದ್ದು ಮಳೆಯಲ್ಲ.

ಹಾಗಿದ್ದೂ ಬ್ರಿಟನ್ನಿನ ವಾಯು ಸಚಿವಾಲಯ ಮೊದಲ ವರದಿಯನ್ನೇ ಹಿಡಿದುಕೊಂಡಿತು. ಅಪಘಾತಗಳಿಗೆ ಬಹುಮಟ್ಟಿಗೆ ಹವಾಮಾನವೇ ಕಾರಣ ಎಂಬುದು ಅಧಿಕೃತ ಮಾತಾಯಿತು. ಮಾಸ್ಕಿಟೊ ಮೇಲೆ ಪೈಲಟ್‌ಗಳಿಗೆ ನಂಬಿಕೆ ಹೋಗಬಾರದು ಎಂಬ ಲೆಕ್ಕ ಅದರ ಹಿಂದಿತ್ತು. ಯುದ್ಧ ನಡೆಸುವವರಿಗೆ ಆ ಲೆಕ್ಕ ಸರಿ ಕಂಡಿರಬಹುದು. ಆದರೆ ಆ ವಿಮಾನದೊಳಗೆ ಕೂರುವ ಇಪ್ಪತ್ತೆರಡರ ಹುಡುಗನಿಗೆ, ತಾನು ಏನನ್ನು ನಂಬಿ ಧುಮುಕುತ್ತಿದ್ದೇನೆ ಎಂದು ತಿಳಿಯುವ ಹಕ್ಕಿರಲಿಲ್ಲವೇ? ಯುದ್ಧ ಮುಗಿದ ಮೇಲೂ ‘ಇಂಡಿಯಾದ ಬಿಸಿಲಿಗೆ ಅಂಟು ಬಿಟ್ಟಿತು’ ಎಂಬ ಕತೆ ಉಳಿದದ್ದು ಯಾರೋ ಸುಳ್ಳು ಹೇಳಿದ್ದರಿಂದ ಎಂದು ನಾವು ಭಾವಿಸುವುದಿಲ್ಲ. ಹಾರಿ ಬದುಕಿ ಬಂದವರಿಗೆ ಮೇಲಿನಿಂದ ತಿಳಿಸಿದ್ದು ಹವಾಮಾನದ ಕಾರಣವನ್ನೇ. ಹಿರಿಯ ಸೈನಿಕರ ನೆನಪನ್ನು ಗೌರವಿಸಬೇಕು, ಅದರ ಪಕ್ಕದಲ್ಲೇ ಕಡತವನ್ನೂ ತೆರೆದಿಡಬೇಕು.

ಅದೇ ನೆಲೆಯ ಲೋಹದ ಹಕ್ಕಿ

ಮರದ ವಿಮಾನಗಳ ಹಾರಾಟ ನಿಂತ ಆ ನವೆಂಬರ್‌ನಲ್ಲೇ, 1944ರ ನವೆಂಬರ್ 8ರಂದು, ಕೋಲಾರದಲ್ಲಿ 358ನೇ ಸ್ಕ್ವಾಡ್ರನ್ ಹುಟ್ಟಿತು. ಇದಕ್ಕೆ ಸಿಕ್ಕಿದ್ದು ಅಮೆರಿಕದಲ್ಲಿ ತಯಾರಾದ ಲಿಬರೇಟರ್, ನಾಲ್ಕು ಎಂಜಿನ್ನಿನ ಲೋಹದ ದೈತ್ಯ. ಭಾರಿ ಬಾಂಬರ್ ಪಡೆ ಎಂದು ತಯಾರಾದರೂ ಇದು ಬಾಂಬು ಹಾಕಿದ್ದು ಒಂದೇ ಸಲ, 1945ರ ಜನವರಿ 13ರಂದು, ಬರ್ಮಾದ ಮಂಡಾಲೆಯ ಮೇಲೆ. ಕೆಳಗಿದ್ದದ್ದು ಜನ ಬದುಕುತ್ತಿದ್ದ ಊರು, ಅದನ್ನೂ ಹೇಳದೆ ಮುಂದೆ ಹೋಗಲಾಗದು. ಆಮೇಲೆ ಈ ಪಡೆಗೆ ಬೇರೆ ಕೆಲಸ ಬಂತು: ಜಪಾನಿ ಹಿಡಿತದಲ್ಲಿದ್ದ ನಾಡುಗಳ ಒಳಗೆ ಗುಪ್ತಚರರನ್ನು, ಸಾಮಾನುಗಳನ್ನು ಪ್ಯಾರಾಚೂಟ್‌ನಲ್ಲಿ ಇಳಿಸುವುದು. ಯುದ್ಧ ಮುಗಿದ ಮೇಲೆ ಸೆರೆಯಿಂದ ಬಿಡುಗಡೆಯಾದವರನ್ನು ಕರೆತಂದಿತು. 1945ರ ನವೆಂಬರ್‌ನಲ್ಲಿ ಇದನ್ನು ವಿಸರ್ಜಿಸಲಾಯಿತು.

ಲಿಬರೇಟರ್ ಕತೆ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಬ್ರಿಟಿಷರು ಹೋಗುವಾಗ ಇಂಥ ಹತ್ತಾರು ವಿಮಾನಗಳನ್ನು ಮತ್ತೆ ಹಾರದಂತೆ ಜಖಂ ಮಾಡಿ ಕಾನ್ಪುರದಲ್ಲಿ ಬಿಟ್ಟುಹೋಗಿದ್ದರು. ಕೋಲಾರದಿಂದ ಎಪ್ಪತ್ತು ಕಿಲೋಮೀಟರ್ ಆಚೆ, ಬೆಂಗಳೂರಿನ ಎಚ್‌ಎಎಲ್‌ನವರು ಅವುಗಳನ್ನು ಹಾರುವಷ್ಟರ ಮಟ್ಟಿಗೆ ಸರಿಮಾಡಿದರು. ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಶಿ ಅವುಗಳನ್ನು ಬೆಂಗಳೂರಿಗೆ ಹಾರಿಸಿ ತಂದರು. ಸಿನಿಮಾದಲ್ಲಿ ತೋರಿಸಿದರೆ ಉತ್ಪ್ರೇಕ್ಷೆ ಎನ್ನುವಂಥ ಕೆಲಸ! 1948ರ ನವೆಂಬರ್‌ನಲ್ಲಿ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ಈ ವಿಮಾನಗಳೊಂದಿಗೆ ಶುರುವಾಯಿತು. 1968ರವರೆಗೂ ಇವು ಸೇವೆಯಲ್ಲಿದ್ದವು. ಆ ಹೊತ್ತಿಗೆ ಜಗತ್ತಿನ ಬೇರೆ ಯಾವ ವಾಯುಪಡೆಯಲ್ಲೂ ಲಿಬರೇಟರ್ ಉಳಿದಿರಲಿಲ್ಲ. ದೆಹಲಿಯ ಪಾಲಂ ಸಂಗ್ರಹಾಲಯದಲ್ಲಿ ಒಂದಿದೆ, ಲಂಡನ್ನಿನ ರಾಯಲ್ ಏರ್ ಫೋರ್ಸ್ ಸಂಗ್ರಹಾಲಯಕ್ಕೆ 1974ರಲ್ಲಿ ಭಾರತ ಕೊಟ್ಟದ್ದು ಇನ್ನೊಂದು. ಅಮೆರಿಕದಲ್ಲಿ ಕಾಲಿಂಗ್ಸ್ ಫೌಂಡೇಶನ್ 1989ರಲ್ಲಿ ಮತ್ತೆ ಹಾರಿಸಿದ ಲಿಬರೇಟರ್ ಕೂಡ ನಮ್ಮ ವಾಯುಪಡೆಯಲ್ಲಿ ದುಡಿದದ್ದೇ.

1944ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ ಇಂದು ನೂರು ದಾಟಿರುತ್ತದೆ. ಯುದ್ಧಕಾಲದಲ್ಲಿ ದಕ್ಷಿಣ ಮತ್ತು ಪೂರ್ವ ಭಾರತದ ಬೇರೆಬೇರೆ ಸ್ಮಶಾನಗಳಲ್ಲಿ ಮಣ್ಣು ಮಾಡಿದ್ದ ಅನೇಕರ ಸಮಾಧಿಗಳನ್ನು 1952ರಲ್ಲಿ ಚೆನ್ನೈನ ನಂದಂಬಾಕ್ಕಂನಲ್ಲಿರುವ ಯುದ್ಧ ಸ್ಮಶಾನಕ್ಕೆ ತಂದು ಸೇರಿಸಿದರು. ಕೋಲಾರದಿಂದ ಮುಳಬಾಗಿಲು ದಾಟಿ ಚೆನ್ನೈ ರಸ್ತೆಯಲ್ಲಿ ಹೋಗುವವರು ಬಿಡುವಿದ್ದರೆ ಅಲ್ಲಿ ಇಳಿದು ಕಲ್ಲುಗಳ ಮೇಲಿನ ವಯಸ್ಸುಗಳನ್ನು ಓದಬಹುದು.

ಮಾಸ್ಕಿಟೊ ಏನಾಯಿತು? ಲೋಹದ ಲಿಬರೇಟರ್‌ನಂತೆ ಅದು ದಶಕಗಟ್ಟಲೆ ಬಯಲಲ್ಲಿ ನಿಂತು ಉಳಿಯಲಾರದು. ಹಾರುವ ಸ್ಥಿತಿಯಲ್ಲಿರುವವು ಇಂದು ಬೆರಳೆಣಿಕೆಯಷ್ಟು. ನ್ಯೂಜಿಲೆಂಡಿನಲ್ಲಿ ಗ್ಲಿನ್ ಪವೆಲ್ ಎಂಬವರು ಹೊಸ ಅಚ್ಚುಗಳನ್ನೇ ಮಾಡಿ ಒಡಲು, ರೆಕ್ಕೆ ಕಟ್ಟುವ ದಾರಿ ಹುಡುಕಿದರು. ಆ ಕೆಲಸದಿಂದ ಮೂಡಿದ ಮಾಸ್ಕಿಟೊ 2012ರ ಸೆಪ್ಟೆಂಬರ್‌ನಲ್ಲಿ ಹಾರಿತು. ಎಂಜಿನ್ನು ಮತ್ತು ಲೋಹದ ಭಾಗಗಳು ಹಳೆಯವು, ಮರವೆಲ್ಲ ಹೊಸದು. ಅಂಟಿಗೆ ಹಾಲು ಬಳಸಲಿಲ್ಲ, ಎಪಾಕ್ಸಿ ಬಳಸಿದರು.