ಹಿರಿಯರು ಮನೆಗೆ ಬರುವ ಕಾಲ

ಭಾದ್ರಪದದ ಕೃಷ್ಣಪಕ್ಷ ಬಂತೆಂದರೆ ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಹಿರಿಯರ ಹಬ್ಬ. ಮನೆ ಸಾರಿಸಿ, ಹೊಸ ಬಟ್ಟೆ ತಂದು, ತೀರಿಕೊಂಡವರಿಗೆ ಬದುಕಿದ್ದಾಗ ಯಾವುದು ಇಷ್ಟವಾಗಿತ್ತೋ ಅದನ್ನೇ ಮಾಡಿ ಎಡೆ ಇಡುತ್ತಾರೆ. ಅಜ್ಜನಿಗೆ ಮಾಂಸದ ಸಾರು ಪ್ರಿಯವಾಗಿದ್ದರೆ ಅದು. ಬೀಡಿ ಸೇದುತ್ತಿದ್ದರೆ ಒಂದು ಕಟ್ಟು ಬೀಡಿ. ಧೂಪ ಹಾಕಿದ ಮೇಲೆ ಕೆಲವು ಮನೆಗಳಲ್ಲಿ ಬಾಗಿಲು ಮುಂದೆ ಮಾಡಿ ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಲ್ಲುವುದುಂಟು. ಹಿರಿಯರು ಬಂದು ನೆಮ್ಮದಿಯಾಗಿ ಉಂಡು ಹೋಗಲಿ ಎಂಬುದು ಆಶಯ.

ಹೀಗೆ ಸತ್ತವರಿಗಾಗಿ ಅಡುಗೆ ಮಾಡಿ ಕಾಯುವವರು ಕನ್ನಡ ನಾಡಿನಲ್ಲಷ್ಟೇ ಇಲ್ಲ. ಆಗಸ್ಟ್‌ನಿಂದ ನವೆಂಬರ್‌ವರೆಗೆ ಭೂಪಟದ ಮೇಲೆ ಬೆರಳಾಡಿಸುತ್ತಾ ಹೋದರೆ, ಒಂದಲ್ಲ ಒಂದು ದೇಶದಲ್ಲಿ ಅಗಲಿದವರಿಗೆ ದೀಪ ಹಚ್ಚುತ್ತಿರುತ್ತಾರೆ. ಉತ್ತರ ಗೋಳಾರ್ಧದಲ್ಲಿ ಅದು ಬೆಳೆ ಕೈಗೆ ಬರುವ, ಹಗಲು ಕುಗ್ಗಿ ಇರುಳು ಹಿಗ್ಗುವ ಕಾಲ. ಕಣಜ ತುಂಬಿದಾಗ ಹೊಲ ಮಾಡಿಕೊಟ್ಟವರ ನೆನಪಾಗುವುದು ಸಹಜವೇ.

ಗೆಡ್ಡೆ ಹೋಗಿ ಕುಂಬಳ ಬಂತು

ದೆವ್ವದ ಹಬ್ಬ ಎಂದೊಡನೆ ಇಂದಿನ ಮಕ್ಕಳಿಗೆ ನೆನಪಾಗುವುದು ಅಕ್ಟೋಬರ್ 31ರ ಹ್ಯಾಲೋವೀನ್. ಇದರ ಬೇರು ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ಕೆಲ್ಟ್ ಜನರ 'ಸೌವಿನ್' ಹಬ್ಬದಲ್ಲಿದೆ. ಸುಗ್ಗಿ ಮುಗಿದು ಚಳಿ ಕಾಲಿಡುವ ಆ ರಾತ್ರಿ ಸತ್ತವರ ಲೋಕದ ಬಾಗಿಲು ತೆರೆಯುತ್ತದೆ ಎಂಬ ನಂಬಿಕೆಯಿತ್ತು. ಮುಂದೆ 9ನೇ ಶತಮಾನದಲ್ಲಿ ಕ್ರೈಸ್ತ ಧರ್ಮಸಭೆ ನವೆಂಬರ್ 1ನ್ನು ಸಕಲ ಸಂತರ ದಿನವೆಂದು ಸಾರಿತು. ಫ್ರಾನ್ಸಿನ ಕ್ಲೂನಿ ಮಠದ ಮುಖ್ಯಸ್ಥ ಓಡಿಲೋ ಸುಮಾರು ಕ್ರಿ.ಶ. 1000ದ ಹೊತ್ತಿಗೆ ನವೆಂಬರ್ 2ನ್ನು ಎಲ್ಲ ಮೃತರ ಪ್ರಾರ್ಥನೆಗೆ ಮೀಸಲಿಟ್ಟ. ಇಂದಿಗೂ ಮಂಗಳೂರು, ಬೆಂಗಳೂರುಗಳ ಕ್ಯಾಥೊಲಿಕರು ಆ ದಿನ ಸಮಾಧಿಗಳಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತಾರೆ.

ಮಧ್ಯಯುಗದ ಇಂಗ್ಲೆಂಡಿನಲ್ಲಿ ಬಡವರು ಈ ದಿನಗಳಲ್ಲಿ ಮನೆಮನೆಗೆ ಹೋಗಿ, ಆ ಮನೆಯ ಮೃತರಿಗಾಗಿ ಪ್ರಾರ್ಥಿಸಿ, ಪ್ರತಿಯಾಗಿ 'ಆತ್ಮದ ರೊಟ್ಟಿ' ಪಡೆಯುತ್ತಿದ್ದರು. ಇಂದು ಅಮೆರಿಕದ ಮಕ್ಕಳು ವೇಷ ಹಾಕಿ ಮಿಠಾಯಿ ಕೇಳುವ ಪದ್ಧತಿಯ ಮೂಲವನ್ನು ಇಲ್ಲಿ ಗುರುತಿಸುವವರಿದ್ದಾರೆ. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಐರ್ಲೆಂಡಿನಲ್ಲಿ ಭೀಕರ ಬರಗಾಲ ಬಿದ್ದಾಗ ಲಕ್ಷಾಂತರ ಮಂದಿ ಅಮೆರಿಕಕ್ಕೆ ವಲಸೆ ಹೋದರು. ಹಬ್ಬವೂ ಅವರೊಡನೆ ಹಡಗು ಹತ್ತಿತು. ಟರ್ನಿಪ್ ಗೆಡ್ಡೆಯನ್ನು ಕೊರೆದು ಒಳಗೆ ದೀಪವಿಡುತ್ತಿದ್ದವರಿಗೆ ಅಲ್ಲಿ ದೊಡ್ಡದಾದ, ಕೊರೆಯಲು ಸುಲಭವಾದ ಕುಂಬಳಕಾಯಿ ಸಿಕ್ಕಿತು. ವೇಷ, ಮಿಠಾಯಿ ಉಳಿದವು. ಪ್ರಾರ್ಥನೆ ಬಹುಮಟ್ಟಿಗೆ ಹಿಂದುಳಿಯಿತು.

ಚೆಂಡು ಹೂವಿನ ದಾರಿ

ಅಮೆರಿಕದ ನೆರೆಯಲ್ಲೇ ಇರುವ ಮೆಕ್ಸಿಕೋದಲ್ಲಿ ಹಾಗಾಗಲಿಲ್ಲ. ನವೆಂಬರ್ 1ರಂದು ತೀರಿಕೊಂಡ ಮಕ್ಕಳು, 2ರಂದು ದೊಡ್ಡವರು ಮನೆಗೆ ಬರುತ್ತಾರೆಂದು ಅಲ್ಲಿನವರ ಭಾವನೆ. ಸ್ಪೇನಿನವರು ಬರುವುದಕ್ಕೆ ಮುಂಚೆಯೇ ಇದ್ದ ಅಜ್ಟೆಕ್ ಮತ್ತಿತರ ಮೂಲನಿವಾಸಿಗಳ ಆಚರಣೆಯೂ ಕ್ರೈಸ್ತರ ಮೃತರ ದಿನವೂ ಬೆರೆತು ಆದ ಹಬ್ಬವಿದು. ಮನೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಜಗಲಿ ಕಟ್ಟಿ, ಅದರ ಮೇಲೆ ಹಿರಿಯರ ಭಾವಚಿತ್ರ, ದೀಪ, ಉಪ್ಪು, ಹಣ್ಣು, ವಿಶೇಷ ಬ್ರೆಡ್ ಇಡುತ್ತಾರೆ. ದೂರದಿಂದ ಬಂದವರಿಗೆ ಬಾಯಾರಿಕೆಯಾಗಿರುತ್ತದೆಂದು ಒಂದು ಲೋಟ ನೀರು. ಸತ್ತವರಿಗೆ ಅಭ್ಯಾಸವಿದ್ದರೆ ಸಿಗರೇಟು, ಮದ್ಯವೂ ಉಂಟು. ನಮ್ಮ ಸೀಮೆಯ ಎಡೆಯನ್ನು ಕಂಡವರಿಗೆ ಇದೇನೂ ಹೊಸದೆನಿಸದು.

ಇನ್ನೊಂದು ನಂಟೂ ಇದೆ. ಸಮಾಧಿಯಿಂದ ಮನೆಯವರೆಗೆ ಮೆಕ್ಸಿಕೋದವರು ಹೂವಿನ ಎಸಳು ಉದುರಿಸಿ ದಾರಿ ಮಾಡುತ್ತಾರೆ. ಅದರ ಬಣ್ಣ, ಪರಿಮಳ ಹಿಡಿದು ಆತ್ಮಗಳು ಬರುತ್ತವಂತೆ. ಆ ಹೂವು ನಮ್ಮ ಚೆಂಡು ಹೂವೇ. ಆಯುಧಪೂಜೆಗೆ ಮಾರುಗಟ್ಟಲೆ ಕೊಳ್ಳುವ ಈ ಹೂವಿನ ತವರು ಮೆಕ್ಸಿಕೋ.

ಅಲ್ಲಿ ಸಾವನ್ನು ಕಂಡು ನಗುವುದೂ ಉಂಟು. ಸಕ್ಕರೆಯ ತಲೆಬುರುಡೆ ಮಾಡಿ, ಹಣೆಯ ಮೇಲೆ ಬದುಕಿರುವ ಗೆಳೆಯನ ಹೆಸರು ಬರೆದು ಕೊಡುತ್ತಾರೆ. 1913ರಲ್ಲಿ ತೀರಿಕೊಂಡ ಹೋಸೆ ಗ್ವಾಡಲೂಪೆ ಪೊಸಾಡ ಎಂಬ ಕಲಾವಿದ ಕೆತ್ತಿದ, ಶ್ರೀಮಂತ ಟೋಪಿ ತೊಟ್ಟ ಅಸ್ಥಿಪಂಜರದ ಹೆಂಗಸಿನ ಚಿತ್ರ ಈ ಹಬ್ಬದ ಗುರುತೇ ಆಗಿಹೋಗಿದೆ. ಬಡವನಿರಲಿ ಬಲ್ಲಿದನಿರಲಿ, ಕೊನೆಗೆ ಉಳಿಯುವುದು ಮೂಳೆಯೇ ಎಂಬುದು ಅದರ ಕುಟುಕು. 2008ರಲ್ಲಿ ಯುನೆಸ್ಕೋ ಈ ಹಬ್ಬವನ್ನು ಮನುಕುಲದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಸೌತೆಯ ಕುದುರೆ, ಬದನೆಯ ಎತ್ತು

ಹಳೆಯ ಚಾಂದ್ರಮಾನದಂತೆ ಚೀನಾದಲ್ಲಿ ಏಳನೇ ತಿಂಗಳು ಶರತ್ಕಾಲದ ಆರಂಭ. ಆ ತಿಂಗಳ ಹುಣ್ಣಿಮೆ ಹಸಿದ ಭೂತಗಳ ಹಬ್ಬ. ಸಿಂಗಪುರ, ಮಲೇಷ್ಯಾಗಳ ಚೀನೀಯರು ಈ ತಿಂಗಳಲ್ಲಿ ಸಂಗೀತ, ನಾಟಕ ಏರ್ಪಡಿಸಿದಾಗ ಮೊದಲ ಸಾಲಿನ ಕುರ್ಚಿಗಳನ್ನು ಖಾಲಿ ಬಿಡುತ್ತಾರೆ. ಅವು ಕಾಣದ ಅತಿಥಿಗಳಿಗೆ.

ಜಪಾನಿನಲ್ಲಿ ಇದೇ 'ಓಬೋನ್'. ಈಗ ಹೆಚ್ಚಿನ ಕಡೆ ಆಗಸ್ಟ್ ಮಧ್ಯದಲ್ಲಿ ನಡೆಯುತ್ತದೆ. ಸೌತೆಕಾಯಿಗೂ ಬದನೆಕಾಯಿಗೂ ಕಡ್ಡಿಯ ಕಾಲು ಚುಚ್ಚಿ ಇಡುತ್ತಾರೆ. ಸೌತೆ ಕುದುರೆ, ಹಿರಿಯರು ಬೇಗ ಬರಲಿ ಎಂದು. ಬದನೆ ಎತ್ತು, ನಿಧಾನವಾಗಿ ಹಿಂದಿರುಗಲಿ ಎಂದು. ಈ ಎರಡೂ ಹಬ್ಬಗಳ ಹಿಂದಿರುವ ಕಥೆ ಭಾರತದ ಬೌದ್ಧ ಭಿಕ್ಷು ಮೌದ್ಗಲ್ಯಾಯನನದು. ಪ್ರೇತಲೋಕದಲ್ಲಿ ಹಸಿದಿದ್ದ ತಾಯಿಗೆ ಆತ ಕೊಟ್ಟ ಅನ್ನ ಬಾಯಿಗೆ ತಲುಪುವ ಮೊದಲೇ ಕೆಂಡವಾಯಿತು. ಬುದ್ಧನ ಮಾತಿನಂತೆ ಭಿಕ್ಷುಸಂಘಕ್ಕೆ ಉಣಬಡಿಸಿದ ಮೇಲೆ ತಾಯಿಗೆ ಬಿಡುಗಡೆಯಾಯಿತು ಎಂದು ಕಥೆ.

ಕಾಂಬೋಡಿಯದ ಪಿಂಡ

ಕಾಂಬೋಡಿಯದ 'ಪಚುಂ ಬೆನ್' ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬರುತ್ತದೆ. ನಮ್ಮ ಪಿತೃಪಕ್ಷದಂತೆ ಅದೂ ಹದಿನೈದು ದಿನ. 'ಬೆನ್' ಎಂದರೆ ಪಿಂಡ; ಪದ ಹುಟ್ಟಿದ್ದೂ ಅಲ್ಲಿಂದಲೇ. ನಸುಕಿಗೆ ಮುಂಚೆ ಎದ್ದು, ಎಳ್ಳು ಬೆರೆಸಿದ ಅನ್ನದುಂಡೆಗಳನ್ನು ದೇವಾಲಯದ ಸುತ್ತ ಕತ್ತಲಲ್ಲಿ ಎಸೆಯುತ್ತಾರೆ. ಬೆಳಕಿಗೆ ಅಂಜುವ ಪ್ರೇತಗಳಿಗೆ ಅದು ಊಟ. ತಮ್ಮವರನ್ನು ಹುಡುಕುತ್ತಾ ಅವು ಏಳು ದೇವಾಲಯಗಳಿಗೆ ಅಲೆಯುತ್ತವೆ. ಎಲ್ಲೂ ಅನ್ನ ಸಿಗದಿದ್ದರೆ ಶಪಿಸುತ್ತವೆ ಎಂಬ ನಂಬಿಕೆಯಿದೆ.

ಈ ಹಬ್ಬಕ್ಕೆ ಒಂದು ದಾರುಣ ಅಧ್ಯಾಯವೂ ಸೇರಿದೆ. 1975ರಿಂದ 1979ರ ಆರಂಭದವರೆಗೆ ಖ್ಮೇರ್ ರೂಜ್ ಆಳ್ವಿಕೆಯಲ್ಲಿ ಕೊಲೆ, ಹಸಿವು, ರೋಗಗಳಿಂದ ಸತ್ತವರು ಸುಮಾರು 15ರಿಂದ 20 ಲಕ್ಷ ಎಂದು ಅಂದಾಜು. ಭಿಕ್ಷುಗಳ ಕಾವಿ ಕಳಚಿಸಿ, ದೇವಾಲಯಗಳನ್ನು ಮುಚ್ಚಿಸಿದ ಕಾಲವದು. ಅಪ್ಪ ಎಲ್ಲಿ ಸತ್ತ, ಯಾವ ಗುಂಡಿಯಲ್ಲಿ ಮಣ್ಣಾದ ಎಂದು ತಿಳಿಯದ ಮನೆಗಳು ಅಲ್ಲಿ ಅಸಂಖ್ಯ. ಸಮಾಧಿಯೇ ಇಲ್ಲದವರಿಗೆ ಅನ್ನದುಂಡೆ ಎಸೆಯುವ ಈ ನಸುಕು ಉಳಿದಿರುವ ಒಂದೇ ವಿಳಾಸ.

ಮಕ್ಕಳಿಗೆ ಹೇಳುವುದೇನು?

ಬೆಂಗಳೂರಿನ ಕೆಲವು ವಸತಿ ಸಮುಚ್ಚಯಗಳಲ್ಲೂ ಈಗ ಮಕ್ಕಳು ಅಸ್ಥಿಪಂಜರದ ವೇಷ ತೊಟ್ಟು ಮಿಠಾಯಿ ಕೇಳುತ್ತಾರೆ. ನಮ್ಮದಲ್ಲದ ಹಬ್ಬವೇಕೆ ಎಂದು ಗೊಣಗುವ ಹಿರಿಯರೂ ಇದ್ದಾರೆ. ಮಕ್ಕಳ ಆಟ ಆಟವಾಗಿಯೇ ಇರಲಿ, ತೊಂದರೆಯಿಲ್ಲ. ಆದರೆ ಸಾವಿನ ಮಾತು ಬಂದೊಡನೆ 'ಮಕ್ಕಳೆದುರು ಬೇಡ' ಎಂದು ಬಾಯಿ ಮುಚ್ಚಿಸುವ ಮನೆಗಳಲ್ಲಿ ಆ ವೇಷದ ಹಿಂದಿನ ಅರ್ಥ ಅವರಿಗೆ ತಿಳಿಯುವುದು ಹೇಗೆ? ಮೆಕ್ಸಿಕೋದ ಮಗು ಜಗಲಿಗೆ ಹೂವು ಜೋಡಿಸುತ್ತಲೇ ಮುತ್ತಜ್ಜಿಯ ಕಥೆ ಕೇಳುತ್ತದೆ.

ಶ್ರಾದ್ಧದಲ್ಲಿ ಮೂರು ತಲೆಮಾರಿನ ಹೆಸರು ಹೇಳಬೇಕು. ಪುರೋಹಿತರು ಕೇಳಿದಾಗ ಮುತ್ತಜ್ಜನ ಹೆಸರಿಗೆ ತಡವರಿಸುವವರು ಇಂದು ಕಡಿಮೆಯೇನಲ್ಲ. ಈ ಸಲದ ಮಹಾಲಯ ಅಮಾವಾಸ್ಯೆಗೆ ಗೋಡೆಯ ಮೇಲಿನ ಹಳೆಯ ಫೋಟೋ ಇಳಿಸಿ ಧೂಳು ಒರೆಸುವಾಗ, ಅದರಲ್ಲಿರುವವರ ಹೆಸರು, ಊರು, ಅವರು ಇಷ್ಟಪಡುತ್ತಿದ್ದ ತಿಂಡಿ ಯಾವುದೆಂದು ಮಕ್ಕಳ ಕೈಯಿಂದಲೇ ಒಂದು ಚೀಟಿಯಲ್ಲಿ ಬರೆಸಿ ಹಿಂದೆ ಅಂಟಿಸಬಹುದು. ಬರುವ ಹಿರಿಯರನ್ನು ಗುರುತು ಹಿಡಿಯುವವರು ಮನೆಯಲ್ಲಿರಬೇಕಲ್ಲ!